ಕಿವಿ ಹಿಂಡಿದರೆ ಸಾಯುವ ಗಾಡಿ

ಮೊನ್ನೆ ಕಡಬದ ಪೆಟ್ರೋಲ್ ಬಂಕಿನಲ್ಲಿ ನನ್ನ ಮುಂದೆ ಒಂದು ಹುಡುಗಿಯ ಸ್ಕೂಟರು ನಿಂತಿತ್ತು. ಪೆಟ್ರೋಲು ಹಾಕಿಸಿಕೊಂಡು ಅವಳು ಸ್ಟಾರ್ಟ್ ಮಾಡಿದಳು. ಚೆಂದಕ್ಕೆ ಟುಕುಟುಕು ಎಂದಿತು. ಹೊರಡೋಣವೆಂದು ಹ್ಯಾಂಡಲಿನ ಕಿವಿ ಹಿಂಡಿದಳು ನೋಡಿ, ಗಾಡಿ ಒಮ್ಮೆ "ಬ್ವಾ" ಎಂದು ಅತ್ತು ಪುಕ್ಕನೆ ಸತ್ತುಹೋಯಿತು. ಇನ್ನೊಮ್ಮೆ ಸ್ಟಾರ್ಟ್, ಇನ್ನೊಮ್ಮೆ ಟುಕುಟುಕು, ಇನ್ನೊಮ್ಮೆ ಬ್ವಾ, ಪುಕ್ಕು. ಹಿಂದಿದ್ದ ಪಿಕಪ್ಪಿನವನು ಹಾರನ್ ಒತ್ತತೊಡಗಿದ. ಹುಡುಗಿ ನಾಚಿಕೊಂಡು ಗಾಡಿಯನ್ನು ಬದಿಗೆ ತಳ್ಳಿದಳು. ಅವಳಿಗೆ ಬರೀ ನಾಚಿಕೆಯಾದದ್ದು. ನನಗೆ ಆದದ್ದು ಹೆದರಿಕೆ. ನನ್ನ ಸರದಿ ಬಿಟ್ಟು ಹೋಗಿ ಅವಳ ಗಾಡಿಯ ಎಡಬದಿಯಲ್ಲಿ ಬಗ್ಗಿ ಕೈ ಹಾಕಿ ನೋಡಿದೆ.

"ಎಂತ ಆಂಟಿ?" ಎಂದಳು ಹುಡುಗಿ.

"ಎಂತ ಇಲ್ಲ. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರಾ?"

ಅವಳು ನನ್ನ ಮುಖವನ್ನೇ ನೋಡಿದಳು. ಗಾಡಿ ಕೆಟ್ಟು ನಿಂತವಳ ಹತ್ತಿರ ಅಜ್ಜಿಯನ್ನು ವಿಚಾರಿಸುವ ಹೆಂಗಸಿಗೆ ತಲೆ ಸರಿ ಇದೆಯೋ ಇಲ್ಲವೋ ಎಂಬ ಅನುಮಾನ ಆ ಕಣ್ಣಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಬಂಕಿನವನು ಕರೆದ, ಯಾರೋ ಒಬ್ಬರು ಚೋಕ್ ಎಳೆದು ನೋಡಿ ಎಂದರು, ನಾನು ಪೆಟ್ರೋಲು ಹಾಕಿಸಿಕೊಂಡು ಬಂದೆ. ಆದರೆ ಆ ಪ್ರಶ್ನೆ ಹುಚ್ಚು ಪ್ರಶ್ನೆಯಲ್ಲ. ಅದರ ಹಿಂದೆ ಏನಿದೆ ಎಂದು ನಿಮಗಾದರೂ ಹೇಳಿಬಿಡುತ್ತೇನೆ.

ಹೆದರುವುದು ನನ್ನ ಹುಟ್ಟುಗುಣ. ಕುಕ್ಕರು ಸೀಟಿ ಹೊಡೆದರೆ ಬೆಚ್ಚುತ್ತೇನೆ. ಹಲಸಿನ ಹಣ್ಣು ಬಿದ್ದ ಸದ್ದಿಗೆ "ಅಯ್ಯೋ" ಎಂದು ಎದ್ದು ನಿಲ್ಲುತ್ತೇನೆ. ಇಂಥವಳು ಸ್ಕೂಟರು ಕಲಿತದ್ದೇ ದೊಡ್ಡ ಆಶ್ಚರ್ಯ, ಕಲಿಸಿದ ನನ್ನ ಗಂಡನಿಗೆ ಅದು ಇವತ್ತಿಗೂ ಅರ್ಥವಾಗಿಲ್ಲ. ಆದರೆ ಕಲಿಯದೆ ಉಪಾಯವಿರಲಿಲ್ಲ. ನಮ್ಮ ಮನೆ ಇಚಿಲಂಪಾಡಿಯ ಒಳಗೆ. ಕೆಲಸ ಉಪ್ಪಿನಂಗಡಿಯ ಒಂದು ಕನ್ನಡಕದ ಅಂಗಡಿಯಲ್ಲಿ. ಬೆಳಗಿನ ಬಸ್ಸು ಹಿಡಿದರೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕುಳಿತಿರಬೇಕು. ಸಂಜೆ ಬಸ್ಸು ಹಿಡಿಯಬೇಕೆಂದರೆ ಗಿರಾಕಿಯ ಮೂಗಿನ ಮೇಲೆ ಇಟ್ಟ ಕನ್ನಡಕವನ್ನು ಅಲ್ಲಿಯೇ ಬಿಟ್ಟು ಓಡಬೇಕು. ಹಾಗಾಗಿ ಅಂಗಡಿಯಲ್ಲಿ ನನ್ನ ಜೊತೆ ಇದ್ದವಳು ಗಂಡನ ಬಳಿಗೆ ದುಬೈಗೆ ಹೊರಟಾಗ, ಬದನೆಕಾಯಿ ಬಣ್ಣದ ಅವಳ ಹಳೆಯ ಸ್ಕೂಟರನ್ನು ನಾನು ತೆಗೆದುಕೊಂಡೆ. ಗಾಡಿ ಇದ್ದರೆ ಕೆಲಸ, ಗಾಡಿ ಇಲ್ಲದಿದ್ದರೆ ಮನೆ. ಲೆಕ್ಕ ಅಷ್ಟು ಸರಳವಿತ್ತು.

ಮನೆಯಲ್ಲಿ ನಾನು, ಗಂಡ, ಅತ್ತೆ. ಸ್ವಲ್ಪ ರಬ್ಬರ್ ತೋಟವಿದೆ. ಬೆಳಿಗ್ಗೆ ಗಂಡ ಮರದ ಹಾಲು ಇಳಿಸುವ ಟ್ಯಾಪಿಂಗಿಗೆ ಹೋಗುತ್ತಾರೆ, ಆ ಹಾಲಿನ ಶೀಟು ಒಣಗಿಸುವುದು ಅತ್ತೆಯ ಪಾರುಪತ್ಯ. ಅತ್ತೆಯ ಬಗ್ಗೆ ಹೇಳುವ ಮೊದಲು ನಮ್ಮ ಭಾಷೆಯ ಬಗ್ಗೆ ಒಂದು ಮಾತು ಹೇಳಬೇಕು. ನಾನು ಸುಳ್ಯದ ಕಡೆಯವಳು, ತವರಿನಲ್ಲಿ ಅರೆಭಾಷೆ. ಈ ಮನೆಯಲ್ಲಿ ತುಳು. ಮದುವೆಯಾಗಿ ಬಂದ ಹೊಸತರಲ್ಲಿ ನಾನು ತುಳು ಮಾತಾಡಿದರೆ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವರು ಅರೆಭಾಷೆ ಪ್ರಯತ್ನಿಸಿದರೆ ನಾನು ನಗುತ್ತಿದ್ದೆ. ಕೊನೆಗೆ ಇಬ್ಬರೂ ಸೋತು ಕನ್ನಡಕ್ಕೆ ಬಂದೆವು. ಅದು ಅವರದ್ದೂ ಅಲ್ಲ, ನನ್ನದೂ ಅಲ್ಲ. ಮನೆಗೆ ಬಂದ ನೆಂಟರ ಹತ್ತಿರ ಮಾತಾಡುವ ಭಾಷೆ. ಊಟ ಆಯ್ತಾ, ಬಟ್ಟೆ ಒಣಗಿತಾ, ಮಳೆ ಬರ್ತದಾ, ಇಷ್ಟಕ್ಕೆಲ್ಲ ಅದು ಧಾರಾಳ ಸಾಕು. ಎದೆಯೊಳಗಿನದ್ದನ್ನು ಹೇಳಬೇಕಾದಾಗ ಮಾತ್ರ ಇಬ್ಬರೂ ತಡವರಿಸಿ, ಬದಲಿಗೆ ಮಳೆಯ ಬಗ್ಗೆಯೇ ಮಾತಾಡಿ ಮುಗಿಸುತ್ತಿದ್ದೆವು. "ಮಗಾ" ಎಂಬುದೊಂದು ಅವರು ತುಳುವಿನಿಂದ ಹಾಗೆಯೇ ತಂದದ್ದು. ಮಗನಿಗೂ ಮಗಾ, ನನಗೂ ಮಗಾ.

ಅತ್ತೆ ಸ್ಕೂಟರಿನ ಮೇಲೆ ಒಂದು ದಿನವೂ ಕುಳಿತವರಲ್ಲ. ಕಾರಣ ಮನೆಯ ಚಾವಡಿಯ ಗೋಡೆಯ ಮೇಲಿದೆ. ಅವರ ತಮ್ಮನ ಫೋಟೋ. ನಾನು ಈ ಮನೆಗೆ ಬರುವುದಕ್ಕೆ ಎಷ್ಟೋ ಮೊದಲು, ಹೊಸ ಬೈಕಿನಲ್ಲಿ ಗುಂಡ್ಯಕ್ಕೆಂದು ಹೊರಟವರು ಹೆದ್ದಾರಿಯಲ್ಲಿ ಲಾರಿಯ ಅಡಿಗಾದರು. ಜೋರು ಬಿಡುತ್ತಿದ್ದರಂತೆ. ಅತ್ತೆ ಆ ವಿಷಯ ಎತ್ತುವುದಿಲ್ಲ, ಗಂಡ ಹೇಳಿ ಗೊತ್ತಾದದ್ದು. ಇಷ್ಟಾಗಿಯೂ ನಾನು ಸ್ಕೂಟರು ತಂದ ದಿನ ಅವರು ಬೇಡ ಎನ್ನಲಿಲ್ಲ. ಅವರಿವರ ಮನೆಯ ಅತ್ತೆಯಂದಿರು ಹೇಳುವಂತೆ "ಹೆಂಗಸರಿಗೆ ಯಾಕೆ ಇದೆಲ್ಲ" ಎನ್ನಲಿಲ್ಲ. "ನಿಧಾನ ಹೋಗು" ಎಂದೂ ಹೇಳಲಿಲ್ಲ. ದಿನಾ ಬೆಳಿಗ್ಗೆ ನಾನು ಸೀರೆ ಉಡುವ ಹೊತ್ತಿಗೆ ಒದ್ದೆ ಬಟ್ಟೆ ಹಿಡಿದು ಗಾಡಿಯ ಧೂಳು ಒರೆಸುವರು. ಒಂದು ಸುತ್ತು ಬರುವರು. ನಾನು ಹೊರಟರೆ ಅಂಗಳದಲ್ಲಿ ನಿಂತು "ಹೋಗಿ ಬಾ" ಎನ್ನುವರು. ಎಂಥ ಧೈರ್ಯದ ಹೆಂಗಸು ಎಂದು ನಾನು ಒಳಗೊಳಗೇ ಹೊಗಳಿಕೊಂಡಿದ್ದೆ.

ಗಾಡಿ ಕೆಡತೊಡಗಿದ್ದು ಅದು ಮನೆಗೆ ಬಂದು ವರ್ಷ ತುಂಬುವ ಹೊತ್ತಿಗೆ. ಒಮ್ಮೆಲೇ ಅಲ್ಲ, ತಿಂಗಳ ಸಂಕ್ರಮಣದಿಂದ ಸಂಕ್ರಮಣಕ್ಕೆ ಒಂದೊಂದು ಮೆಟ್ಟಿಲು ಇಳಿಯುವ ಹಾಗೆ. ಮೊದಲು ಏರಿನಲ್ಲಿ ಸ್ವಲ್ಪ ಏದುಸಿರು. ಆಮೇಲೆ ಬಸ್ಸನ್ನು ಹಿಂದೆ ಹಾಕೋಣವೆಂದು ಜೋರು ಕೊಟ್ಟರೆ ಮುಗ್ಗರಿಸುವುದು. ಕೊನೆ ಕೊನೆಗೆ ಮುದ್ದು ಮಾಡಿದ ಹಾಗೆ ಮೆಲ್ಲಗೆ ತಿರುಪಿದರೆ ಮಾತ್ರ ಓಡುವುದು, ಕಿವಿ ಹಿಂಡಿದರೆ ಸಾಯುವುದು. ನಿಂತಲ್ಲಿ ಏನೂ ತೊಂದರೆಯಿಲ್ಲ. ಬೇಕಾದರೆ ಸಂಜೆಯವರೆಗೆ ಟುಕುಟುಕು ಎನ್ನುತ್ತ ನಿಂತಿರುತ್ತದೆ. ನೀವೇ ಹೇಳಿ, ನಿಂತಲ್ಲಿ ಮಾತ್ರ ಚೆಂದ ಓಡುವ ಗಾಡಿಯನ್ನು ಇಟ್ಟುಕೊಂಡು ಏನು ಮಾಡುವುದು?

ನಮ್ಮಲ್ಲಿ ಗಾಡಿ ಕೆಟ್ಟಿತೆಂದು ಒಮ್ಮೆ ಬಾಯಿ ಬಿಟ್ಟರೆ ಸಾಕು, ಊರೇ ವೈದ್ಯರಾಗುತ್ತದೆ. ಪೆಟ್ರೋಲಿಗೆ ಮಳೆನೀರು ಸೇರಿದೆ ಎಂದರು ಹಾಲಿನ ಡಿಪ್ಪೊದವರು. ಪ್ಲಗ್ ಎಂದ ಬಸ್ಸಿನ ಕಂಡಕ್ಟರ್. ನನ್ನ ಅಂಗಡಿಯ ಧಣಿ, ತಮ್ಮ ಜೀವಮಾನದಲ್ಲಿ ಗಾಡಿಯ ಬಾನೆಟ್ಟು ಎತ್ತಿ ನೋಡದವರು, "ಕಾರ್ಬರೇಟರ್" ಎಂದು ಬಹಳ ಗಂಭೀರವಾಗಿ ಹೇಳಿ ಮೊಬೈಲಿನಲ್ಲಿ ಒಂದು ವೀಡಿಯೋ ತೋರಿಸಿದರು. ಅದು ಯಾವುದೋ ಊರಿನ ಯಾವುದೋ ಭಾಷೆಯ ವೀಡಿಯೋ. ಆದರೂ ನಾವಿಬ್ಬರೂ ಅದನ್ನು ಪೂರ್ತಿ ನೋಡಿದೆವು.

ನನ್ನ ಮೆಕ್ಯಾನಿಕ್ ಹಮೀದ್. ಉಪ್ಪಿನಂಗಡಿಯಲ್ಲಿ ಹೊಳೆಯ ಬದಿಗೆ ಅವನ ಗ್ಯಾರೇಜು. ಮಳೆಗಾಲದಲ್ಲಿ ನೀರು ಏರುವ ಜಾಗವಾದ್ದರಿಂದ ಸಾಮಾನನ್ನೆಲ್ಲ ಅಟ್ಟದ ಮೇಲೆ ಇಟ್ಟಿರುತ್ತಾನೆ. ಒಂದು ನಟ್ಟು ಬೇಕಾದರೂ ಏಣಿ ಹತ್ತಬೇಕು. ಹಾಗೆ ಏಣಿ ಹತ್ತಿ ಇಳಿದು ಅವನು ನನ್ನ ಗಾಡಿಗೆ ಹೊಸ ಪ್ಲಗ್ ಹಾಕಿದ. ಕಾರ್ಬರೇಟರ್ ಬಿಚ್ಚಿ, ಅದರೊಳಗಿನ ಸಣ್ಣ ತೂತುಗಳಿಗೆಲ್ಲ ಗಾಳಿ ಊದಿದ. ಟ್ಯಾಂಕಿನಿಂದ ಬರುವ ಪೈಪು ಬದಲಾಯಿಸಿದ. ಟ್ಯಾಂಕಿನ ಮುಚ್ಚಳದ ತೂತು ಕಟ್ಟಿದೆಯೋ ಎಂದು ಸೂಜಿ ಹಾಕಿ ನೋಡಿದ. ಗಾಳಿ ಸೋಸುವ ಫಿಲ್ಟರನ್ನೂ ಹೊಸತು ಹಾಕಿದ. ಪ್ರತಿ ಸಲವೂ ಫಿಲ್ಟರಿನ ಮುಚ್ಚಳವನ್ನೂ ಬಿಚ್ಚಿಟ್ಟುಕೊಂಡೇ ರೈಸ್ ಮಾಡಿ ನೋಡುವನು, ಗಾಡಿ ಹುಲಿಯ ಹಾಗೆ ಗರ್ಜಿಸುವುದು. "ನೋಡಿ ಅಕ್ಕ, ಫಸ್ಟ್ ಕ್ಲಾಸ್" ಎನ್ನುವನು. ಮುಚ್ಚಳ ಹಾಕಿ ಕೊಡುವನು. ನಾನು ಹೆದ್ದಾರಿಗೆ ಬಂದು ಕಿವಿ ಹಿಂಡುವೆನು. ಬ್ವಾ, ಪುಕ್ಕು.

ಕೊನೆಗೊಮ್ಮೆ ಅವನೂ ಸೋತ. ಕೈ ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ: "ಅಕ್ಕ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಗಾಡಿಯಲ್ಲಿ ಎಂತ ಸಾ ತೊಂದರೆ ಇಲ್ಲ. ನೀವು ಎಕ್ಸಲೇಟರ್ ಕೊಡುದೇ ಸರಿ ಇಲ್ಲ."

ಮನೆಗೆ ಬಂದು ಇದನ್ನು ಹೇಳಿದರೆ ಗಂಡ, "ನಾನು ಮೊದಲೇ ಹೇಳಿದ್ದಲ್ವಾ ಮಾರಾಯ್ತಿ" ಎಂದರು. ಮೊದಲು ಏನು ಹೇಳಿದ್ದರೆಂದು ಅವರಿಗೂ ಗೊತ್ತಿಲ್ಲ. ನನಗೆ ಅಳು ಬಂತು. ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ನನ್ನ ಪರವಾಗಿ ಯಾರಾದರೂ ಒಂದು ಮಾತು ಹೇಳಲಿ ಎಂದು ಅತ್ತೆಯ ಕಡೆ ನೋಡಿದೆ. ಅವರು ಎದ್ದು ಒಳಗೆ ಹೋದರು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಮನೆಯಲ್ಲಿಲ್ಲ. ಎಲ್ಲಿಗೋ ಹೋಗಿ, ಬಿಸಿಲೇರಿದ ಮೇಲೆ ಹಣೆಗೆ ಗಂಧ ಹಚ್ಚಿಕೊಂಡು ಬಂದರು. ಆಗೀಗ ಹೀಗೆ ಹೋಗಿ ಬರುವುದು ಅವರ ರೂಢಿ. ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನು ಆ ಸಂಜೆ. ಉಪ್ಪಿನಂಗಡಿಯಿಂದ ಬರುವಾಗ ನಮ್ಮೂರಿನ ರಸ್ತೆ ಬಲಗಡೆಗೆ. ಹೆದ್ದಾರಿಯನ್ನು ಅಡ್ಡ ದಾಟಿ ತಿರುಗಬೇಕು. ಘಾಟಿ ಇಳಿದು, ಗುಂಡ್ಯ ದಾಟಿ ಬರುವ ಖಾಲಿ ಟ್ಯಾಂಕರುಗಳಿಗೆ ಆ ಹೊತ್ತಿನಲ್ಲಿ ಮಂಗಳೂರು ಮುಟ್ಟುವ ಅವಸರ. ನಾನು ಬದಿಯಲ್ಲಿ ನಿಂತು ಕಾದೆ. ಒಂದು ಬಸ್ಸು ಹೋಯಿತು, ಎರಡು ಕಾರು ಹೋದವು. ದೂರದ ತಿರುವಿನಲ್ಲಿ ಒಂದು ಟ್ಯಾಂಕರು ಕಾಣಿಸಿತು. ಇನ್ನೂ ತುಂಬ ದೂರವಿದೆ, ಆರಾಮ ದಾಟಬಹುದು. ಮೆಲ್ಲಗೆ ಹೊರಟೆ. ನಡುರಸ್ತೆಗೆ ಬಂದಾಗ ಟ್ಯಾಂಕರು ನಾನು ಎಣಿಸಿದ್ದಕ್ಕಿಂತ ಹತ್ತಿರ ಬಂದಿತ್ತು. ಯಾರಾದರೂ ಏನು ಮಾಡುತ್ತಾರೆ? ಕೈ ತನ್ನಷ್ಟಕ್ಕೆ ಕಿವಿ ಹಿಂಡಿತು.

ಬ್ವಾ. ಪುಕ್ಕು.

ನಾನು ಓಡಲಿಲ್ಲ. ಗಾಡಿ ಬಿಟ್ಟು ಹಾರಲಿಲ್ಲ. ಆಮೇಲೆ ಎಲ್ಲರೂ ಕೇಳಿದರು, ಇಳಿದು ಓಡಬಹುದಿತ್ತಲ್ಲ ಎಂದು. ಕಾಲು ನನ್ನದಾಗಿದ್ದರೆ ತಾನೇ ಓಡುವುದು? ಬಟನ್ ಒತ್ತುತ್ತ ಕುಳಿತೆ. ಗಾಡಿ ಸ್ಟಾರ್ಟ್ ಆಯಿತು, ಮತ್ತೆ ಹಿಂಡಿದೆ, ಮತ್ತೆ ಸತ್ತಿತು. ಹಾರನ್ನಿನ ಸದ್ದು ಎಷ್ಟು ದೊಡ್ಡದಾಯಿತೆಂದರೆ ಬೇರೇನೂ ಉಳಿಯಲಿಲ್ಲ. ಕಣ್ಣು ಮುಚ್ಚಿದೆ. ಟಯರು ಕಿರುಚಿದ್ದು, ಜಲ್ಲಿಕಲ್ಲು ಕಾಲಿಗೆ ಸಿಡಿದದ್ದು, ಬಿಸಿ ಗಾಳಿ ಮುಖಕ್ಕೆ ಹೊಡೆದದ್ದು ಒಟ್ಟಿಗೇ ಆಯಿತು. ಕಣ್ಣು ಬಿಟ್ಟಾಗ ನಾನು ಅಲ್ಲಿಯೇ ಕುಳಿತಿದ್ದೆ. ಟ್ಯಾಂಕರು ರಸ್ತೆಯಿಂದ ಕೆಳಗಿಳಿದು ಮಣ್ಣಿನಲ್ಲಿ ಉದ್ದಕ್ಕೆ ಗೆರೆ ಎಳೆದುಕೊಂಡು ಹೋಗಿ ನಿಂತಿತ್ತು.

ಡ್ರೈವರ್ ಇಳಿದು ಬಂದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೂ ತಪ್ಪಿರಲಿಲ್ಲ. ಅವನು ಬೈಯಲೂ ಇಲ್ಲ. ಬಂದವನು ರಸ್ತೆ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ. ಯಾವ ಊರಿನವನೋ, ನನ್ನ ಭಾಷೆ ಅವನಿಗಿಲ್ಲ, ಅವನದ್ದು ನನಗಿಲ್ಲ. ಹೆಬ್ಬೆರಳನ್ನು ಬಾಯಿಯ ಹತ್ತಿರ ಹಿಡಿದು ನೀರು ಕೇಳಿದ. ನಾನು ಗಾಡಿ ತಳ್ಳಿಕೊಂಡು ಬಂದು ಬಾಟಲಿ ಕೊಟ್ಟೆ. ಅವನು ಅರ್ಧ ಕುಡಿದು ಉಳಿದದ್ದನ್ನು ನನ್ನ ಕಡೆ ಚಾಚಿದ, ನಾನೂ ಕುಡಿದೆ. ಅಷ್ಟು ಹೊತ್ತಿಗೆ ಜನ ಸೇರಿದರು. ಅವನ ಹೆಸರು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮನೆಯಲ್ಲಿ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಗಂಡ ಅಂಗಳದಲ್ಲಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. ಹೆದರಿದಾಗ ಅವರಿಗೆ ಬರುವುದು ಸಿಟ್ಟೊಂದೇ. "ನಾಳೆಯೇ ಗಾಡಿ ಕೊಡುದು. ಕೆಲಸವೂ ಬೇಡ, ಎಂತದ್ದೂ ಬೇಡ. ಮನೆಯಲ್ಲಿ ಇರು" ಎಂದು ಕಿರುಚಿದರು. ಆ ಕ್ಷಣದಲ್ಲಿ ನನಗೂ ಅದೇ ಸರಿಯೆನಿಸಿತು. ಬಾಗಿಲ ಕಂಬ ಹಿಡಿದು ನಿಂತಿದ್ದ ಅತ್ತೆ ಮಾತಾಡಿದ್ದು ಆಗ.

"ಕೆಲಸ ಯಾಕೆ ಬಿಡುದು? ಗಾಡಿ ಸರಿ ಮಾಡಿಸಲಿ."

ನಾವಿಬ್ಬರೂ ತಿರುಗಿ ನೋಡಿದೆವು. ತಮ್ಮನನ್ನು ಅದೇ ಹೆದ್ದಾರಿಯಲ್ಲಿ ಕಳೆದುಕೊಂಡವರು ಆಡುವ ಮಾತೇ ಇದು? ಅತ್ತೆ ನನ್ನ ಹತ್ತಿರ ಬಂದು ತಲೆಯಿಂದ ಭುಜದವರೆಗೆ, ಭುಜದಿಂದ ಬೆರಳಿನವರೆಗೆ ಮುಟ್ಟಿ ನೋಡಿದರು. "ಪ್ರಸಾದ ಇತ್ತು. ಅದೇ ಕಾಪಾಡಿದ್ದು ಮಗಾ. ನಾಡಿದ್ದು ಸಂಕ್ರಮಣ, ಹೋಗಿ ಇನ್ನೊಂದು ತರ್ತೇನೆ" ಎಂದರು. ಎಲ್ಲಿದ್ದ ಪ್ರಸಾದ ಎಂದು ನಾನು ಕೇಳಲಿಲ್ಲ. ಹಿರಿಯರು ಹಾಗೆ ಹೇಳುವುದೇ ತಾನೇ.

ಮರುದಿನ ಗಂಡ ಗಾಡಿಯನ್ನು ಪಿಕಪ್ಪಿಗೆ ಹಾಕಿ, ನನ್ನನ್ನೂ ಹಮೀದನ ಗ್ಯಾರೇಜಿನಲ್ಲಿ ಇಳಿಸಿ ಹೋದರು. ಸರಿಯಾದರೆ ಸರಿ, ಇಲ್ಲದಿದ್ದರೆ ಅಲ್ಲಿಂದಲೇ ಗುಜರಿಗೆ. ನಾನು ಒಂದು ಹಳೆಯ ಟಯರಿನ ಮೇಲೆ ಕುಳಿತು, "ಇವತ್ತು ಇದು ಎಂತ ಅಂತ ಗೊತ್ತಾಗದೆ ನಾನು ಏಳುದಿಲ್ಲ" ಎಂದೆ. ಟ್ಯಾಂಕರಿನ ಸುದ್ದಿ ಕೇಳಿ ಹಮೀದ್ ಸಪ್ಪಗಾಗಿದ್ದ. ಎಕ್ಸಲೇಟರಿನ ಮಾತೆತ್ತಲಿಲ್ಲ. ಸ್ವತಃ ಗಾಡಿ ಹತ್ತಿ ರಸ್ತೆಗೆ ಹೋದ; ತಳ್ಳಿಕೊಂಡು ಬಂದ. ಮುಚ್ಚಳ ತೆಗೆದು ರೈಸ್ ಮಾಡಿದ, ಗರ್ಜಿಸಿತು. ಮುಚ್ಚಳ ಹಾಕಿದ, ಸತ್ತಿತು. ತೆಗೆದ, ಗರ್ಜಿಸಿತು. ಹಾಕಿದ, ಸತ್ತಿತು.

"ಯಾ ಅಲ್ಲಾ" ಎಂದು ಹಣೆ ಹೊಡೆದುಕೊಂಡ. "ನಾನು ಯಾವಾಗಲೂ ಮುಚ್ಚಳ ತೆಗೆದೇ ನೋಡಿದ್ದು ಅಕ್ಕ. ಇದಕ್ಕೆ ಉಸಿರು ಇಲ್ಲ. ಸುಮ್ಮನೆ ನಿಂತರೆ ಇದ್ದ ಉಸಿರು ಸಾಕು. ಓಡ್ಲಿಕ್ಕೆ ಸಾಕಾಗುದಿಲ್ಲ."

ಸೀಟಿಗೂ ಹಿಂದಿನ ಚಕ್ರಕ್ಕೂ ನಡುವೆ, ಎಡಬದಿಯಲ್ಲಿ, ಹೊರಗಿನ ಗಾಳಿ ಒಳಗೆ ಹೋಗುವ ಒಂದು ರಬ್ಬರಿನ ಬಾಯಿ ಇದೆ. ಕೈ ಹಾಕಿದರೆ ಸಿಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹಮೀದ್ ಅದರೊಳಗೆ ಬೆರಳು ತೂರಿಸಿದ. "ಇಲಿ ಗೂಡು ಕಟ್ಟಿದೆ" ಎಂದ. ಮೆಲ್ಲಗೆ ಎಳೆದ. ಬಾಳೆಲೆಯ ಒಣಗಿದ ತುಂಡೊಂದು ಹೊರಗೆ ಬಂತು, ಅದರೊಳಗಿಂದ ಹಳದಿ ಗಂಧದ ಪುಡಿ ಉದುರಿತು. ಹಮೀದ್ ಬೆಂಕಿ ಮುಟ್ಟಿದವನಂತೆ ಕೈ ಹಿಂದೆ ತೆಗೆದ.

"ಅಕ್ಕ, ಇದು ಪ್ರಸಾದ. ನನ್ನ ಕೈ ಇಡೀ ಆಯಿಲ್. ನೀವೇ ತೆಗೀರಿ."

ನಾನು ಕೈ ತೊಳೆದು ಬಂದು ಗಾಡಿಯ ಬದಿಯಲ್ಲಿ ಕುಳಿತೆ. ಎಳೆದ ಹಾಗೆ ಬರುತ್ತಲೇ ಇತ್ತು. ಬಾಳೆಲೆಯ ಪೊಟ್ಟಣ, ಪೇಪರಿನ ಪೊಟ್ಟಣ, ಬಾಡಿ ಕಪ್ಪಾದ ಅಡಿಕೆಯ ಹಿಂಗಾರ, ಕುಂಕುಮ, ಮಣ್ಣಿನ ಹಾಗೆ ಗಟ್ಟಿಯಾದ ಗಂಧ, ಕೆಂಪು ನೂಲು. ಒಂದರ ಹಿಂದೆ ಒಂದು, ಹಳೆಯದನ್ನು ಒಳಗೆ ತಳ್ಳಿ ಹೊಸತನ್ನು ಇಟ್ಟದ್ದು. ಪೆಟ್ರೋಲಿನ ವಾಸನೆಯ ನಡುವೆ ದೇವಸ್ಥಾನದ ವಾಸನೆ. ಕೊನೆಗೆ ಹಸಿರು ದಾರ ಸುತ್ತಿದ ಒಂದು ಸಣ್ಣ ಗಂಟು ಸಿಕ್ಕಿತು. ಅದನ್ನು ನೋಡಿದ್ದೇ ಹಮೀದ್ ಎದ್ದುಹೋಗಿ, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದು ಬಂದ. "ಇದು ನಮ್ಮ ದರ್ಗಾದ್ದು. ಇದನ್ನು ನನಗೆ ಕೊಡಿ" ಎಂದು ಎರಡೂ ಕೈಯಲ್ಲಿ ತೆಗೆದುಕೊಂಡ.

ಮುಚ್ಚಳ ಹಾಕಿ ಕಿವಿ ಹಿಂಡಿದ. ಗಾಡಿ ಗರ್ಜಿಸಿತು. ನಾವಿಬ್ಬರೂ ನಗಬೇಕಿತ್ತು, ನಗು ಬರಲಿಲ್ಲ. ನನ್ನ ಕಣ್ಣ ಮುಂದೆ ಒದ್ದೆ ಬಟ್ಟೆ ಹಿಡಿದು ಗಾಡಿಗೆ ಸುತ್ತು ಬರುವ ಅತ್ತೆ ಇದ್ದರು. ಗಾಡಿ ಕೆಟ್ಟಾಗೆಲ್ಲ ಅವರು ಪ್ರಸಾದಕ್ಕೆ ಹೋದರು. ಪ್ರಸಾದ ಬಂದಾಗೆಲ್ಲ ಗಾಡಿ ಇನ್ನಷ್ಟು ಕೆಟ್ಟಿತು. ಇನ್ನಷ್ಟು ಕೆಟ್ಟಿತೆಂದು ಅವರು ಇನ್ನೂ ದೂರದ ಜಾಗಕ್ಕೆ ಹೋದರು. ಇದು ಎಲ್ಲಿಗೆ ಮುಟ್ಟುತ್ತಿತ್ತು?

ಹೇಳುವುದೋ ಬಿಡುವುದೋ ಎಂದು ಮನೆಯವರೆಗೂ ಯೋಚಿಸಿದೆ. ಹೇಳದಿದ್ದರೆ ನಾಳೆ ಸಂಕ್ರಮಣ, ಹೊಸ ಪೊಟ್ಟಣ ಬಂದೇ ಬರುತ್ತದೆ. ಜಾಗ ತಪ್ಪಿಸಿ ಬೇರೆಡೆ ಇಡಿ ಎಂದರೆ ಯಾಕೆ ಎನ್ನುತ್ತಾರೆ. ಹೇಳಿದರೆ, ನನ್ನನ್ನು ಟ್ಯಾಂಕರಿನ ಎದುರು ನಿಲ್ಲಿಸಿದ್ದು ನಿಮ್ಮ ಕೈ ಎಂದು ಹೇಳಿದ ಹಾಗೆ. ತಮ್ಮನ ಫೋಟೋದ ಕೆಳಗೆ ನಿಂತು ಅದನ್ನು ಹೇಗೆ ಹೇಳುವುದು?

ಅತ್ತೆ ಅಂಗಳದಲ್ಲಿ ಹಗ್ಗದ ಮೇಲಿನ ರಬ್ಬರ್ ಶೀಟುಗಳನ್ನು ಮಗುಚಿ ಹಾಕುತ್ತಿದ್ದರು. ನಾನು ಪೊಟ್ಟಣಗಳನ್ನು ಕಟ್ಟಿ ತಂದಿದ್ದ ಕರವಸ್ತ್ರ ಬಿಚ್ಚಿ ಎದುರು ಹಿಡಿದೆ.

"ಯಾಕೆ ತೆಗೆದದ್ದು ಮಗಾ?" ಎಂದರು. ಇವು ಯಾವುವು ಎಂದು ಕೇಳಲಿಲ್ಲ.

"ಅಲ್ಲಿ ಯಾಕೆ ಇಟ್ಟದ್ದು ಅತ್ತೆ?"

"ಮತ್ತೆ ಎಲ್ಲಿ ಇಡುದು? ಸೀಟಿನ ಅಡಿಯಲ್ಲಿ ಇಟ್ಟರೆ ನೀನು ಅದರ ಮೇಲೆ ಕೂತ್ಕೊಳ್ಳುದು. ಮುಂದೆ ಇಟ್ಟರೆ ಮೀನಿನ ಚೀಲ ನೇತು ಹಾಕುದು. ಕೆಳಗೆ ಚಪ್ಪಲಿ. ಅದೊಂದೇ ಶುದ್ಧದ ಗೂಡು ಇದ್ದದ್ದು. ಹಳೇದನ್ನು ಬಿಸಾಡ್ಲಿಕ್ಕೆ ಆಗ್ತದಾ? ಒಳಗೆ ದೂಡಿ ದೂಡಿ ಇಟ್ಟೆ."

ನಾನು ಹೇಳಿದೆ. ಅದು ಗೂಡಲ್ಲ ಅತ್ತೆ, ಗಾಡಿಯ ಮೂಗು ಎಂದೆ. ಮೂಗು ಕಟ್ಟಿದರೆ ಸುಮ್ಮನೆ ನಿಂತಿರಬಹುದು, ಓಡಲು ಆಗುವುದಿಲ್ಲ. ಜೋರು ಕೊಟ್ಟ ಕೂಡಲೇ ನಿಲ್ಲುವುದು ಅದಕ್ಕೇ ಎಂದೆ. ನೆಂಟರ ಕನ್ನಡದಲ್ಲಿ ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ. ಅತ್ತೆ ಕೈಯಲ್ಲಿದ್ದ ಶೀಟನ್ನು ಹಗ್ಗಕ್ಕೆ ಹಾಕಲು ಹೋಗಿ ಮರೆತರು. ಅದು ನೆಲಕ್ಕೆ ಬಿತ್ತು.

"ಹಾಗಾದರೆ ನಿನ್ನೆ, ರೋಡಿನಲ್ಲಿ..."

"ಬಿಡಿ ಅತ್ತೆ. ನಿಮಗೆ ಗೊತ್ತಿರಲಿಲ್ಲ."

ಅವರು ಅಂಗಳದ ಅಂಚಿನ ಕಟ್ಟೆಯ ಮೇಲೆ ಕುಳಿತರು. ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ. ನನ್ನೊಡನೆ ಎಂದೂ ಆಡದ ಸಣ್ಣ ದನಿಯಲ್ಲಿ ಹೇಳಿದರು:

"ಗೊತ್ತಿರಲಿಲ್ಲ ಅಂತ ಹೇಗೆ ಹೇಳುದು ಮಗಾ? ನಾನು ಕೇಳಿಕೊಂಡದ್ದೇ ಅದು. ಹೋದ ಹೋದಲ್ಲಿ ಅದೊಂದೇ ಕೇಳಿದ್ದು. ನನ್ನ ಸೊಸೆಯ ಗಾಡಿ ಓಡಲಿ, ಆದರೆ ಜೋರು ಹೋಗದ ಹಾಗೆ ನೀನು ನೋಡಿಕೋ ಅಂತ."

ಮಾರಾಯ್ರೆ, ಟ್ಯಾಂಕರಿನ ಎದುರು ಕೂಡ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ಗಾಡಿ ಓಡುತ್ತಿತ್ತು. ಜೋರು ಹೋಗುತ್ತಿರಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ, ಒಂದಕ್ಷರ ಹೆಚ್ಚು ಕಡಿಮೆ ಇಲ್ಲದೆ ಕೊಟ್ಟಾಗಿತ್ತು. ಹಮೀದ್ ಏಣಿ ಹತ್ತಿ ಇಳಿದು ಹುಡುಕಿದ್ದು ಇದರ ಮದ್ದನ್ನು. ನಾನು ನಂಬುವವಳೋ ಅಲ್ಲವೋ ಎಂದು ನೀವು ಕೇಳಬಹುದು. ಗಾಳಿ ಕಟ್ಟಿದರೆ ಎಂಜಿನ್ ನಿಲ್ಲುತ್ತದೆ, ಅದರಲ್ಲಿ ಪವಾಡವೇನಿಲ್ಲ ಎಂದು ನನಗೂ ಗೊತ್ತು. ಆದರೆ ಗೊತ್ತಿದ್ದದ್ದರಿಂದ ಆ ಹೊತ್ತಿನಲ್ಲಿ ಏನೂ ಪ್ರಯೋಜನವಾಗಲಿಲ್ಲ.

"ಇದನ್ನು ನನ್ನ ಹತ್ತಿರವೇ ಕೇಳಬಹುದಿತ್ತಲ್ಲ ಅತ್ತೆ? ನಿಧಾನ ಹೋಗು ಅಂತ ಒಂದು ಮಾತು."

"ನಿನ್ನ ಹತ್ತಿರ ಹೇಗೆ ಕೇಳುದು? ನಾನು ಹೆದರಿದ್ದು ಗೊತ್ತಾದರೆ ನೀನು ಗಾಡಿ ಬಿಡ್ತಿ, ಕೆಲಸ ಬಿಡ್ತಿ. ಸಂಜೆ ನೀನು ಅಂಗಡಿಯ ಸುದ್ದಿ ಹೇಳಿಕೊಂಡು ಬರುವಾಗ ನಿನ್ನ ಮುಖ ನೋಡ್ಲಿಕ್ಕೆ ಚೆಂದ ಉಂಟು."

ನಾನು ಅವರ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟೆ. ಅವರು ನನ್ನ ಬೆನ್ನು ಸವರಿದರು. ಪ್ರಸಾದಗಳನ್ನೆಲ್ಲ ಮರುದಿನ ಹೊಳೆಗೆ ಬಿಟ್ಟೆವು.

ಇದಾಗಿ ನಾಲ್ಕೈದು ವರ್ಷವಾಗಿರಬೇಕು. ಸಂಕ್ರಮಣಕ್ಕೆ ಅತ್ತೆ ಈಗಲೂ ಹೋಗುತ್ತಾರೆ, ಹಣೆಗೆ ಗಂಧ ಹಚ್ಚಿಕೊಂಡು ಬರುತ್ತಾರೆ, ಆದರೆ ಕೈ ಖಾಲಿ. ಮೊದಮೊದಲು ನಾನು ಇದನ್ನು ಗಮನಿಸಿರಲಿಲ್ಲ. ಗಮನಕ್ಕೆ ಬಂದ ದಿನ, ನನಗೆ ಪ್ರಸಾದ ತರಲಿಲ್ಲವಾ, ಗಾಡಿಯಲ್ಲಿ ಇಡಲು ಒಳ್ಳೆಯ ಡಬ್ಬಿ ತಂದಿದ್ದೇನೆ ಎಂದೆ.

"ನಿನ್ನ ಹೆಸರಿನಲ್ಲಿ ಈಗ ಎಂತದ್ದೂ ಕೇಳುದಿಲ್ಲ ಮಗಾ. ಸುಮ್ಮನೆ ನಿಂತು ಬರ್ತೇನೆ."

"ಯಾಕೆ?"

"ಹೆದರಿಕೆ ಆಗ್ತದೆ. ಕೇಳಿದ್ದನ್ನು ಕೊಟ್ಟರೆ?"

ಇಷ್ಟು ವರ್ಷ ಊರಿನ ದೇವರು ದೈವಗಳೆಲ್ಲರ ಹತ್ತಿರ ಸಲಿಗೆಯಿಂದ ಕೇಳುತ್ತಿದ್ದ ಹೆಂಗಸು, ನನ್ನ ಸಲುವಾಗಿ ಕೈಮುಗಿದು ಬರೀ ಸುಮ್ಮನೆ ನಿಂತು ಬರುತ್ತಾರೆ. ಇವತ್ತು ಬೆಳಿಗ್ಗೆ ಕೂಡ ಅಂಗಳದಲ್ಲಿ ನಿಂತು "ಹೋಗಿ ಬಾ" ಎಂದರು, ಅಷ್ಟೇ. ಗಾಡಿ ಈಗ ಕಿರುಬೆರಳಿನಲ್ಲಿ ತಿರುಪಿದರೂ ಹಾರುತ್ತದೆ. ಹೆದ್ದಾರಿಯಲ್ಲಿ ನನ್ನನ್ನು ಆಟೋಗಳು ಹಿಂದೆ ಹಾಕುತ್ತವೆ, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡುಗಳು ಕೂಡ ಹಿಂದೆ ಹಾಕುತ್ತವೆ. ಗಂಡ ನಗುತ್ತಾರೆ, ಗಾಡಿ ಸರಿಯಾದ ಮೇಲೆ ನೀನು ಕೆಟ್ಟೆ ಎಂದು. ನಗಲಿ. ನಿಧಾನ ಹೋಗು ಎಂಬ ಮಾತನ್ನು ಅತ್ತೆ ನನಗೆ ಒಮ್ಮೆಯೂ ಹೇಳಿಲ್ಲ, ಈಗ ಮೇಲಿನವರ ಹತ್ತಿರವೂ ಹೇಳುವುದಿಲ್ಲ. ಹೇಳದ ಆ ಮಾತನ್ನು ಕೇಳಿ ನಡೆಯುವವಳು ಈಗ ನಾನೊಬ್ಬಳೇ.